ಅಪ್ಪನನ್ನು ಎಬ್ಬಿಸುವ ಹಾಡು

ಹ್ಯಾಲಿಫ್ಯಾಕ್ಸ್
ಭಾನುವಾರ ಸಂಜೆ

ವೃದ್ಧಾಶ್ರಮದ ಮೇಲ್ವಿಚಾರಕಿ ಶ್ರೀಮತಿ ಗ್ಲೆನಿಸ್ ಅವರಿಗೆ,

ಕುರ್ಚಿ ಬಿಟ್ಟೇಳದ ನನ್ನಪ್ಪ ವಿಲ್ಫ್ರೆಡ್ ಅವರನ್ನು ಎಬ್ಬಿಸುವ ಉಪಾಯವನ್ನು ನಿಮ್ಮಲ್ಲಿ ಆರೈಕೆ ಮಾಡುವ ಹುಡುಗಿಯರಿಗೆ ಹೇಳಿಕೊಟ್ಟವಳು ನಾನೇ. ಮೊಬೈಲಿನಲ್ಲಿ ರಾಷ್ಟ್ರಗೀತೆ ಹಾಕಿದರೆ ಸಾಕು, ಏಳುತ್ತಾರೆ. ನಾನು ಚಿಕ್ಕವಳಿದ್ದಾಗ ಟಿ.ವಿ.ಯಲ್ಲಿ ದಿನದ ಕಾರ್ಯಕ್ರಮ ಮುಗಿದು ಅದು ಬಂದೊಡನೆ ಅಪ್ಪ ಕಾಲುಚೀಲದಲ್ಲೇ ನೆಟ್ಟಗೆ ನಿಲ್ಲುತ್ತಿದ್ದರು.

"ಯಾರು ನೋಡ್ತಾರಪ್ಪ?" ಅಂದರೆ, "ನೀನಿದ್ದೀಯಲ್ಲೇ, ಏಳು" ಅನ್ನುತ್ತಿದ್ದರು. ಟಿ.ವಿ. ಆರಿಸಿ, ತೆರೆಯ ನಡುವೆ ಉಳಿಯುತ್ತಿದ್ದ ಬಿಳಿ ಚುಕ್ಕೆ ಮಾಯವಾದ ಮೇಲೆಯೇ ನಮಗೆ ನಿದ್ದೆ.

ಈಗ ಸ್ನಾನಕ್ಕೂ ಅದೇ, ಊಟಕ್ಕೂ ಅದೇ, ಹಾಸಿಗೆ ಬದಲಿಸುವುದಕ್ಕೂ ಅದೇ ಹಾಕುತ್ತಾರಂತೆ. ಹುಡುಗಿಯರನ್ನು ದೂರಲಾರೆ. ಇವತ್ತು ಹೊರಡುವ ಮುನ್ನ, ಚಳಿಯೆಂದು ಅಪ್ಪನಿಗೆ ಕೋಟು ತೊಡಿಸಲು ನಾನೂ ಅದೇ ಹಾಡು ಹಾಕಿದೆ. ನಡುಗುವ ಕಾಲಲ್ಲೇ ಎದ್ದರು. ತೋಳು ತೂರಿಸಲು ಹೋದರೆ ಕೈಗಳನ್ನು ಪಕ್ಕಕ್ಕೆ ಬಿಗಿಹಿಡಿದು, "ಮುಗೀಲಿ ತಾಳೇ" ಅಂದರು.

ದಯವಿಟ್ಟು ಇನ್ನು ಮಲಗುವ ಹೊತ್ತಿಗೆ ಒಂದು ಸಲ ಮಾತ್ರ ಹಾಕಿಸಿ. ಕೋಣೆಯಲ್ಲಿರುವವರೂ ಅವರ ಜೊತೆ ನಿಲ್ಲಲಿ. ಹಾಡು ಪೂರ್ತಿ ಮುಗಿಯಲಿ.

ಇವತ್ತು ನಾನು ಬಸ್ಸಿಗೆ ಹೊತ್ತಾಯಿತೆಂದು ಹಾಡನ್ನು ನಡುವೆಯೇ ನಿಲ್ಲಿಸಿಬಿಟ್ಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ, ಉಳಿದದ್ದಕ್ಕೆ ಕಾಯುತ್ತ ಅಪ್ಪ ಇನ್ನೂ ನಿಂತೇ ಇದ್ದರು.

ಇಂತಿ,
ವಿಲ್ಫ್ರೆಡ್ ಅವರ ಮಗಳು
ಡೋರೀನ್