ಮುತ್ಯಾಲಮ್ಮ ಹಗ್ಗ ಬಿಡಲಿಲ್ಲ

ನನಗೆ ಮದುವೆಯಾಯಿತು, ಮಾನ್ಯರೇ, ಇವತ್ತಿಗೆ ಸರಿಯಾಗಿ ಹದಿನೆಂಟು ದಿನ, ಮತ್ತು ನಾನು ಎಷ್ಟು ಸುಖವಾಗಿದ್ದೇನೆಂದರೆ ಈ ಪತ್ರವನ್ನು ಕೋಪದಿಂದ ಬರೆಯಬೇಕೆಂಬುದನ್ನೇ ಎರಡು ಸಲ ಮರೆತೆ! ನನ್ನ ಯಜಮಾನರು ಧರ್ಮಪುರಿಯಲ್ಲಿ ದನದ ಡಾಕ್ಟರು. ಹೆಸರು ಬರೆಯಲು ನಾಚಿಕೆ. ಅದೂ ಅಲ್ಲದೆ ಇಲ್ಲಿ ಬೇಕಾದದ್ದು ಅವರ ಹೆಸರಲ್ಲ, ಅವರಿಗೆ ಗೊತ್ತಿರುವ ಒಂದು ಸಂಗತಿ. ಅದಕ್ಕೆ ಆಮೇಲೆ ಬರುತ್ತೇನೆ. ಮದುವೆಯ ಮೂರನೆಯ ದಿನ, ಕೈಯ ಮದರಂಗಿ ಇನ್ನೂ ಕೆಂಪಾಗಿರುವಾಗಲೇ, ಸೇಲಮ್ಮಿನ ನಮ್ಮ ಬಾಲಿಕಾ ಹೈಸ್ಕೂಲಿಗೆ ಶಾಲಾ ತನಿಖಾಧಿಕಾರಿಗಳಾದ ತಾವು ಕಳಿಸಿದ ಆಜ್ಞೆಯ ನಕಲು ನನ್ನನ್ನು ಹುಡುಕಿಕೊಂಡು ಬಂತು. ಶನಿವಾರದ ರಂಗಸಜ್ಜಿಕೆಯ ತರಗತಿ ರದ್ದು. ಷೆಡ್ಡಿಗೆ ಬೀಗ. ಶಾಲೆಯ ಕೊನೆಯ ತರಗತಿಯಾದ ಆರನೆಯ ಫಾರಮ್ಮಿನ ಮುತ್ಯಾಲಮ್ಮ ಎಂಬ ವಿದ್ಯಾರ್ಥಿನಿ ತನಿಖೆಯ ದಿನ ಉದ್ದೇಶಪೂರ್ವಕವಾಗಿ ಪರದೆಯ ಹಗ್ಗ ಬಿಟ್ಟು ಅಧಿಕಾರಿಗಳ ಜೀವಕ್ಕೆ ಅಪಾಯ ತಂದದ್ದರಿಂದ ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯತಕ್ಕದ್ದು. ಉದ್ದೇಶಪೂರ್ವಕವಾಗಿ! ಈ ಒಂದು ಪದ ಬರೆಯುವ ಮುಂಚೆ ತಾವು ಆ ಹುಡುಗಿಯನ್ನು ಒಂದು ಪ್ರಶ್ನೆಯನ್ನಾದರೂ ಕೇಳಿದಿರಾ?

ಇದೇ ವಿಷಯವಾಗಿ ತಮಗೆ ಎರಡು ಪತ್ರ ಇಂಗ್ಲಿಷಿನಲ್ಲಿ ಬರೆದೆ. ಏರ್ಕಾಡಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತ ಇಂಗ್ಲಿಷು, ಅಲ್ಪವಿರಾಮಗಳೂ ಇರಬೇಕಾದ ಕಡೆಯೇ ಇದ್ದವು. ಉತ್ತರ ಬರಲಿಲ್ಲ. ತನಿಖೆಯ ದಿನ ಕಾಫಿ ಕುಡಿಯುತ್ತ ತಾವು ‘ನಮ್ಮ ಮನೆಮಾತೂ ಕನ್ನಡವೇ’ ಎಂದದ್ದು ನೆನಪಿಗೆ ಬಂತು. ಆದ್ದರಿಂದ ಈ ಸಲ ಕನ್ನಡದಲ್ಲಿ, ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಆ ತರಗತಿಯಲ್ಲಿ ನಾವು ಮಾಡುತ್ತಿದ್ದ ಘೋರ ಕೃತ್ಯಗಳೇನೆಂದು ಓದುಗರಿಗೂ ತಿಳಿಯಲಿ. ನಾನು ಡ್ರಾಯಿಂಗ್ ಟೀಚರು. ಶಾಲೆಯ ವಾರ್ಷಿಕ ನಾಟಕಕ್ಕೆ ಪ್ರತಿ ವರ್ಷ ಬಾಡಿಗೆಯ ಪರದೆ, ಬಾಡಿಗೆಯ ದೀಪ, ಅವನ್ನು ಎಳೆಯಲು ಬಾಡಿಗೆಯ ಗಂಡಸರು. ನಾವೇ ಮಾಡಿದರೇನು ಎಂದು ಹನ್ನೊಂದು ಹುಡುಗಿಯರನ್ನು ಕೂಡಿಸಿಕೊಂಡೆ. ಮರದ ಚೌಕಟ್ಟಿಗೆ ಬಟ್ಟೆ ಬಿಗಿಯುವುದು, ಅದಕ್ಕೆ ಬಣ್ಣ ಹಚ್ಚಿ ಕಾಡು ಮಾಡುವುದು, ಗ್ಯಾಸ್ ಲೈಟಿನ ಮುಂದೆ ಬಣ್ಣದ ಕಾಗದ ಹಿಡಿದು ಬೆಳಗನ್ನು ಸಂಜೆ ಮಾಡುವುದು, ತಗಡು ಬಡಿದು ಗುಡುಗಿಸುವುದು, ರಾಟೆಗೆ ಹಗ್ಗ ಹಾಕಿ ಪರದೆ ಏರಿಸುವುದು. ನಾನು ಕಲಿಸಹೋದೆ, ಅವರು ನನಗೆ ಕಲಿಸಿದರು. ಬಟ್ಟೆ ಜೋತು ಬೀಳುತ್ತದೆ ಎಂದು ನಾನು ತಲೆಯ ಮೇಲೆ ಕೈಹೊತ್ತಾಗ, ‘ಗಂಜಿ ಆಕಿ ಮಿಸ್, ಮಗ್ಗದ್ ನೂಲ್ಗೆ ಆಕ್ದಂಗೆ’ ಎಂದಳು ಮುತ್ಯಾಲಮ್ಮ. ಅವಳ ತಂದೆ ಮುನಿಕೃಷ್ಣಪ್ಪ ಸೇಲಂ ಪಟ್ಟಣದ ನೇಕಾರರು. ಮಗ್ಗಕ್ಕೇರಿಸುವ ಉದ್ದನೆಯ ನೂಲಿಗೆ ಅವರು ಗಂಜಿ ಹಾಕುವಂತೆಯೇ ನಾವು ಪರದೆಗೆ ಹಾಕಿದೆವು. ಅದು ಹಲಗೆಯ ಹಾಗೆ ನಿಂತಿತು! ಕಾನ್ವೆಂಟಿನ ಯಾವ ಪುಸ್ತಕದಲ್ಲಿಯೂ ಇದಿರಲಿಲ್ಲ.

ಇನ್ನು ಆ ದಿನ. ತಾವು ಷೆಡ್ಡಿನೊಳಗೆ ಬಂದಾಗ ಮುತ್ಯಾಲಮ್ಮ ಏಣಿಯ ಮೇಲಿದ್ದು ರಾಟೆಗೆ ಎಣ್ಣೆ ಹಾಕುತ್ತಿದ್ದಳು. ತಾವು ತಲೆಯೆತ್ತಿ, ‘ಏಣಿ ಹತ್ತೋ ಹುಡುಗಿಯನ್ನು ಯಾವ ಗಂಡು ಒಪ್ಪುತ್ತಾನಮ್ಮ?’ ಎಂದು ಕೇಳಿ ನಕ್ಕಿರಿ. ಜೊತೆಗೆ ಬಂದಿದ್ದವರೂ ನಕ್ಕರು. ಅವಳು ಕೆಳಗಿಳಿದು ಹಗ್ಗದ ಬಳಿ ನಿಂತಳು. (ತಮ್ಮ ಪ್ರಶ್ನೆಗೆ ಉತ್ತರವನ್ನು ಈಗ ನಾನು ಕೊಡಬಲ್ಲೆ. ಎಂಟನೆಯ ವಯಸ್ಸಿನಿಂದ ಏಣಿ ಹತ್ತುತ್ತಿರುವವಳು ನಾನು. ಧರ್ಮಪುರಿಯ ಒಬ್ಬರು ಒಪ್ಪಿದ್ದಾರೆ, ಸಂತೋಷದಿಂದ.) ತಾವು ಕುರ್ಚಿಯಲ್ಲಿ ಕೂತಿರಿ. ಪ್ರಾರ್ಥನೆ ಹಾಡಲು ಒಂದನೆಯ ಫಾರಮ್ಮಿನ ಏಳು ಪುಟ್ಟ ಹುಡುಗಿಯರು ಏರಿಸಿದ ಪರದೆಯ ಕೆಳಗೆ ಸಾಲಾಗಿ ನಿಂತರು. ಪರದೆ ಸುತ್ತಿದ್ದ ಬಿದಿರು, ಬಟ್ಟೆ, ಬಣ್ಣ, ಗಂಜಿ ಎಲ್ಲ ಸೇರಿ ಅರ್ಧ ಮೂಟೆ ಅಕ್ಕಿಯ ಭಾರ; ಎರಡು ತುದಿಗೆ ಎರಡು ಹಗ್ಗ, ಎರಡೂ ಒಬ್ಬಳ ಕೈಯಲ್ಲಿ. ಹಾಡು ಅರ್ಧಕ್ಕೆ ಬಂದಿತ್ತು. ಎಡಗಡೆಯ ಹಗ್ಗ ಮೇಲೆಲ್ಲೋ ಕಳಚಿತು, ಬಿದಿರಿನ ಎಡತುದಿ ಧಡಾರನೆ ನೆಲಕ್ಕೆ ಬಡಿಯಿತು, ಉಳಿದ ಭಾರವೆಲ್ಲ ಬಲಗಡೆಯ ಹಗ್ಗಕ್ಕೆ ಬಂತು. ಮಕ್ಕಳು ಕಿರುಚಿ ಓಡಿದರು. ಬಲತುದಿ ಮಾತ್ರ ಸರಸರನೆ ಬೀಳಲಿಲ್ಲ, ಮಾನ್ಯರೇ. ತಡೆದು ತಡೆದು, ಮಕ್ಕಳು ಪಕ್ಕಕ್ಕೆ ಸರಿಯುವಷ್ಟು ಹೊತ್ತು ಕೊಟ್ಟು, ತಮ್ಮ ಬೂಟಿನಿಂದ ಒಂದು ಮಾರು ದೂರದಲ್ಲಿ ಇಳಿಯಿತು. ‘ಬೇಕೆಂದೇ ಬಿಟ್ಟಳು, ಇವಳಿಗೆ ಶಾಲೆ ಸಾಕು’ ಎಂದು ತಾವು ಎದ್ದು ಹೋದಿರಿ. ಹಿಂತಿರುಗಿ ನೋಡಿದ್ದರೆ ಅವಳ ಅಂಗೈಗಳು ಕಾಣುತ್ತಿದ್ದವು. ತೆಂಗಿನ ನಾರಿನ ಹಗ್ಗ ಎರಡೂ ಕೈಯ ಚರ್ಮವನ್ನು ಸುಲಿದಿತ್ತು. ಹಗ್ಗ ಬಿಟ್ಟವಳ ಕೈ ಹೀಗಾಗುತ್ತದೆಯೇ?

ಮಾರನೆಯ ದಿನ ಅವಳ ಮನೆಗೆ ಹೋದೆ. ಸಮಾಧಾನ ಹೇಳಲು ಹೋದವಳಿಗೆ ಅಲ್ಲಿ ಕಂಡದ್ದು ಬೇರೆ. ಅವಳು ಗೋಡೆಗೊರಗಿ ಕೂತಿದ್ದಳು, ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಮುನಿಕೃಷ್ಣಪ್ಪನವರು ಮಗ್ಗದ ಗುಂಡಿಯಿಂದ ಏಳಲೂ ಇಲ್ಲ.

‘ಆಫೀಸರು ಏಳಿದ್ದು ನಿಜಾನೇ ಮಿಸ್ಸಮ್ಮ. ಇವ್ಳೇ ಬುಟ್ಟಿರದು.’

‘ಹಗ್ಗದ ಗಂಟು ಕಳಚಿರಬೇಕು’ ಎಂದೆ.

‘ಗಂಟಾ? ಯಾರ್ ಆಕಿದ್ ಗಂಟು?’

‘ನಾನೇ ಅಪ್ಪ’ ಎಂದಳು ಮುತ್ಯಾಲಮ್ಮ. ‘ನಮ್ ಗಂಟೇ ಆಕಿದ್ದೆ.’

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿ ಅಂಕಮ್ಮ ರಾಟೆ ನಿಲ್ಲಿಸಿದರು. ‘ನಮ್ ಗಂಟು ಬಿಚ್ಕೊಳ್ತಾ? ಅಯ್ಯೋ ಪೋದುಂ, ಸಾಕು ಸುಮ್ಕಿರು. ನಾ ಮದ್ವೆಯಾಗಿ ಬಂದಾಗ್ಲಿಂದ ಸಾವ್ರ ಸಾವ್ರ ಆಕಿವ್ನಿ. ನನ್ ಅಲ್ಲು ಬಿತ್ತು, ಗಂಟು ಬೀಳ್ಲಿಲ್ಲ.’

‘ಕೇಳಿದ್ರಾ ಮಿಸ್ಸಮ್ಮ?’ ಎಂದರು ಮುನಿಕೃಷ್ಣಪ್ಪ. ‘ನಮ್ ಗಂಟು ಬಿಚ್ಚಲ್ಲ. ಅಂದ್ಮ್ಯಾಕೆ ಇವ್ಳು ಬುಟ್ಟಿರ್ಬೇಕು. ಬುಟ್ಟು ಸುಳ್ಳು ಬ್ಯಾರೆ ಏಳ್ತಾಳೆ. ಇಸ್ಕೂಲು ಓತು, ಓಗ್ಲಿ. ಸಂಕ್ರಾಂತಿ ಆಗಿ ತೈ ಮಾಸ ಬರ್ಲಿ, ಕುಪ್ಪಸ್ವಾಮಿ ಮಗನ್ಗೆ ಕೊಟ್ಬುಡ್ತೀನಿ.’

‘ನಾ ಬುಡ್ಲಿಲ್ಲ ಮಿಸ್’ ಎಂದಳು ಅವಳು. ಅಷ್ಟೇ. ಅಳಲಿಲ್ಲ.

ನೇಕಾರರ ಮನೆಯಲ್ಲಿ ತುಂಡಾದ ಎಳೆಯನ್ನು ಕೂಡಿಸುವ ಆ ಪುಟ್ಟ ಗಂಟನ್ನು ನಡೆಯಲು ಕಲಿತ ಮಗುವೂ ನೋಡಿಯೇ ಬೆಳೆಯುತ್ತದೆ. ಅದು ಬಿಚ್ಚಿತೆಂದು ಅಲ್ಲಿ ಯಾರೂ ನಂಬಲಾರರು. ತಮ್ಮ ಆಜ್ಞೆ ಇನ್ನೂ ಬಂದೇ ಇರಲಿಲ್ಲ, ಆಗಲೇ ಅವಳ ಸ್ವಂತ ಮನೆ ಅವಳಿಗೆ ತೀರ್ಪು ಕೊಟ್ಟಾಗಿತ್ತು. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಗಲ್ಲಿ ದಾಟುವಾಗ ನನಗೂ ಒಂದು ಕ್ಷಣ ಅನುಮಾನ ಬಂತು. ನಕ್ಕ ದೊಡ್ಡವರ ಮೇಲೆ ಹದಿನಾರರ ಹುಡುಗಿಗೆ ಸಿಟ್ಟು ಬಂದಿರಲಾರದೇ? ಆದರೆ ಆ ಕೈಗಳು? ಅದರ ಮುಂದಿನ ವಾರ ಮದುವೆಗೆ ಹೊರಟೆ. ಸೀರೆ, ವಾಲಗ, ನೆಂಟರು. ಈ ಗಂಟು ಮಾತ್ರ ತಲೆಯೊಳಗೇ ಉಳಿಯಿತು.

ತಮ್ಮ ಆಜ್ಞೆ ಬಂದ ದಿನ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಆಸ್ಪತ್ರೆಯಿಂದ ಹೋರಿ ಕಟ್ಟುವ ಎರಡು ತುಂಡು ಹಗ್ಗ ತಂದು, ‘ಆ ಗಂಟು ಹಾಕಿ ತೋರಿಸು’ ಎಂದರು. ಮುತ್ಯಾಲಮ್ಮನಿಂದ ಕಲಿತಂತೆ ಹಾಕಿದೆ. ಅವರು ಅದನ್ನು ಹಿತ್ತಲ ಮರದ ಕೊಂಬೆಯ ಮೇಲೆ ಹಾಯಿಸಿ, ಒಂದು ತುದಿಗೆ ಒರಳುಕಲ್ಲು ಕಟ್ಟಿ ಜಗ್ಗಿದರು. ಗಂಟು ನಿಂತಿತು. ಕಲ್ಲನ್ನು ನೆಲಕ್ಕೆ ಇಳಿಸಿದರು, ಮತ್ತೆ ಎತ್ತಿದರು, ಇಳಿಸಿದರು, ಎತ್ತಿದರು. ಹದಿನಾಲ್ಕನೆಯ ಸಲ ಗಂಟು ತಾನಾಗಿಯೇ ಬಾಯಿಬಿಟ್ಟಿತು!

‘ನೂಲು ಮಗ್ಗದಲ್ಲಿ ಯಾವಾಗಲೂ ಬಿಗಿಯಾಗಿರುತ್ತೆ ಕಣೇ’ ಎಂದರು. ‘ನೀವು ಪರದೇನ ಎಳೀತೀರಿ, ಬಿಡ್ತೀರಿ. ಬಿಟ್ಟಾಗಲೆಲ್ಲ ಇದು ಸ್ವಲ್ಪ ಸ್ವಲ್ಪ ಜಾರುತ್ತೆ. ಅದರ ಮೇಲೆ ನಾರಿನ ಹಗ್ಗ ಬಿರುಸು, ಬಾಗಿ ಕಚ್ಚಿಕೊಳ್ಳೋದಿಲ್ಲ. ಈ ಗಂಟು ಹಾಕಿ ಹೋರಿ ಕಟ್ಟಿದ್ದರೆ ನಾನು ನಿನ್ನನ್ನು ಮದುವೆಯಾಗೋಕೆ ಉಳೀತಾನೇ ಇರಲಿಲ್ಲ.’

ಪರದೆಯ ಹಗ್ಗಗಳು ಶಾಲೆಯ ಬಾವಿಯ ಹಗ್ಗದ ಹಳೆಯ ತುಂಡುಗಳು, ಎರಡೆರಡನ್ನು ಸೇರಿಸಿ ಒಂದು ಮಾಡಿದ್ದೆವು. ಹೇಗೆ ಕೂಡಿಸಲಿ ಎಂದು ಅವಳು ಕೇಳಿದಾಗ, ‘ನಿನ್ನ ಕೈಗೆ ಬಂದ ಗಂಟನ್ನೇ ಹಾಕು’ ಎಂದವಳು ನಾನು. ಗಂಜಿ ಗೆದ್ದಿತ್ತಲ್ಲ, ಗಂಟೂ ಗೆಲ್ಲುತ್ತದೆಂದು ನಂಬಿದೆ. ವಾರವೆಲ್ಲ ಅಭ್ಯಾಸದಲ್ಲಿ ಪರದೆ ಏರಿಳಿಯಿತು. ಒಂದು ದಿನವೂ ಏಣಿ ಹತ್ತಿ ಗಂಟನ್ನು ನೋಡಲಿಲ್ಲ. ತಪ್ಪು ಕಲಿಸಿದವಳದು, ಕಲಿತವಳದಲ್ಲ. ಉದ್ದೇಶವೇ ಬೇಕೆಂದರೆ ಒಂದಿತ್ತು: ಆ ಏಳು ಮಕ್ಕಳ ತಲೆ ಉಳಿಸುವುದು.

ಮದುವೆಯಾದವಳೆಂಬ ಕಾರಣಕ್ಕೆ ನನ್ನ ಕೆಲಸವೂ ಹೋಗಿದೆ. ಅದರ ಜಗಳವನ್ನು ನಿಧಾನವಾಗಿ ಆಡೋಣ, ನನಗೆ ಬಿಡುವಿದೆ. ಮುತ್ಯಾಲಮ್ಮನಿಗೆ ಇಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವವರ ಪಟ್ಟಿ ಬರುವ ಮಂಗಳವಾರ ಸಂಜೆ ಶಾಲೆಯಿಂದ ಹೊರಡುತ್ತದೆ. ಅದರಲ್ಲಿ ಅವಳ ಹೆಸರಿಲ್ಲದಿದ್ದರೆ ಅವಳು ಕಳೆದುಕೊಳ್ಳುವುದು ಒಂದು ವರ್ಷವನ್ನಲ್ಲ. ತೈ ಮಾಸಕ್ಕೆ ಇನ್ನು ಎಷ್ಟು ವಾರವೆಂದು ತಾವೇ ಎಣಿಸಿ ನೋಡಿ. ನನಗೆ ಬೇಕಾದವನು ಸಿಕ್ಕಿದ್ದಾನೆಂದು ಕುಣಿಯುತ್ತಿರುವ ನಾನು, ಬೇಡವೆನ್ನಲೂ ಬಾಯಿಲ್ಲದೆ ಅವಳು ಹಸೆಮಣೆ ಏರುವುದನ್ನು ನೋಡಿ ಅಕ್ಷತೆ ಹಾಕಿ ಬರಲೇ?

ಆದ್ದರಿಂದ ನನ್ನ ಬೇಡಿಕೆ ಇದು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಷೆಡ್ಡಿನ ಬೀಗ ತೆಗೆಸಿ. ತಾವೂ ಬನ್ನಿ. ಮುನಿಕೃಷ್ಣಪ್ಪನವರಿಗೂ ಅಂಕಮ್ಮಜ್ಜಿಗೂ ಹೇಳಿಕಳಿಸಿದ್ದೇನೆ. ‘ಗಂಟು ನಾನೇ ಆಕ್ತೀನಿ, ಬಿಚ್ಚಲಿ ನೋಡಾನ’ ಎಂದು ಅಜ್ಜಿ ಸವಾಲು ಹಾಕಿದ್ದಾರಂತೆ. ಹಾಕಲಿ. ಅದೇ ಬಿದಿರು, ಅದೇ ಹಗ್ಗ. ಕೆಳಗೆ ಯಾರೂ ನಿಲ್ಲಬಾರದು. ಎಲ್ಲರ ಕಣ್ಣೆದುರು ಏರಿಸಿ ಇಳಿಸೋಣ. ಗಂಟು ನಿಂತರೆ ನಾನು ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ಬಿಚ್ಚಿದರೆ ತಾವು ಆ ಒಂದು ಪದವನ್ನು ಹೊಡೆದುಹಾಕಿ, ಅವಳ ಹೆಸರನ್ನು ತಮ್ಮ ಕೈಯಿಂದಲೇ ಪಟ್ಟಿಯಲ್ಲಿ ಬರೆಯಬೇಕು, ಅವಳ ತಂದೆ ನೋಡುತ್ತಿರುವಾಗ.

ಇಂತಿ,
ಕಲಿಸುವ ಆತುರದಲ್ಲಿ ಪರೀಕ್ಷಿಸುವುದನ್ನು ಮರೆತ,
ಸೋಮವಾರ ಬೆಳಿಗ್ಗೆ ಧರ್ಮಪುರಿಯ ಚಿಕ್ಕ ಗಾಡಿ ಹತ್ತಿ, ಮೊರಪ್ಪೂರಿನಲ್ಲಿ ಬದಲಿಸಿ, ಈರೋಡಿನ ಪ್ಯಾಸೆಂಜರಿನಲ್ಲಿ ಮಧ್ಯಾಹ್ನ ಸೇಲಂ ಜಂಕ್ಷನ್ನಿನಲ್ಲಿ ಇಳಿಯಲಿರುವ
ಕಣ್ಣಮ್ಮ