ಫ್ಯಾನ್ ನಿಲ್ಲಿಸಿದ ದಿನ

ಆಗಸ್ಟ್ 30, ಶನಿವಾರ

ಮೈ ಡಿಯರ್ ಗುಬ್ಬಿ,

ಅಪ್ಪನ ಆಶೀರ್ವಾದಗಳು. ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ಟು ಹಿಯರ್ ದಿ ಸೇಮ್... ಮುಂದಿನದು ಮರೆತುಹೋಗಿದೆ. ಪತ್ರ ಹೀಗೇ ಶುರುವಾಗಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಹೇಗೆ ಮುಗಿಸಬೇಕೆಂದು ಹೇಳಿಕೊಟ್ಟ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ. "ಅದಕ್ಕೇ ನಿಮ್ಮ ಕಾಗದಗಳು ಮುಗಿಯೋದೇ ಇಲ್ಲ" ಎಂದು ನಿಮ್ಮಮ್ಮ ರೇಗಿಸುತ್ತಿದ್ದಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೈಯಬೇಡ. ಮೊದಲು ಕನ್ನಡಕದ ಕಾಲು ಮುರಿಯಿತು. ಅದು ರಿಪೇರಿಯಾಗಿ ಬಂದ ಮೇಲೆ ಹಳೆಯ ಕ್ಯಾಲೆಂಡರುಗಳ ಪೆಟ್ಟಿಗೆ ಇಳಿಸಿಕೊಂಡು ಕೂತೆ. ಕೂತವನು ಏಳಲಿಲ್ಲ. ಪಕ್ಕದ ಮನೆಯ ಕಾಂಪೌಂಡರ್ ಎರಡು ಸಲ ಬಂದು ನೋಡಿ, "ಏನ್ ಸಾರ್, ಹಿಂದಿನ ವರ್ಷಗಳಿಗೆಲ್ಲ ವಾಪಸ್ ಹೋಗ್ತಿದೀರಾ?" ಎಂದು ನಕ್ಕು ಹೋದರು. ಅಳಿಯಂದಿರ ಬೆನ್ನುನೋವು ಈಗ ಹೇಗಿದೆ? ನಿಮ್ಮ ಡಿಪೋದಲ್ಲಿ ಹೊಸ ಬಸ್ಸುಗಳ ವೇಳಾಪಟ್ಟಿ ಹಾಕುವ ಕೆಲಸ ನಿನ್ನ ತಲೆಗೇ ಬಂತೆಂದು ಬರೆದಿದ್ದೀಯ. ಬಸ್ಸು ಎಷ್ಟು ಗಂಟೆಗೆ ಬರಬೇಕೆಂದು ಮಗಳು ಬರೆಯುವುದು, ನಾಳೆ ಯಾವ ವಾರವೆಂದು ಅಪ್ಪ ತಿದ್ದುವುದು. ನಮ್ಮ ವಂಶಕ್ಕೆ ಕಾಲ ಹೀಗೆ ಗಂಟುಬಿದ್ದಿದೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಅಮ್ಮನ ಹತ್ತಿರ ಹೊಲಿಗೆ ಕಲಿತವರೆಲ್ಲ ಸೇರಿ ಹೊಲಿಗೆ ಶಾಲೆಯ ಮುಂದೆ ಕಲ್ಲಿನ ಬೆಂಚು ಹಾಕಿಸುವುದು ಬಹಳ ಒಳ್ಳೆಯದು. ಅವಳು ಮೂವತ್ತು ವರ್ಷ ನಿಂತುಕೊಂಡೇ ಕತ್ತರಿಸಿದಳು, ಈಗಲಾದರೂ ಅವಳ ಹೆಸರಿನ ಮೇಲೆ ಯಾರೋ ನಾಲ್ಕು ಜನ ಕೂರಲಿ. ಬೆನ್ನುಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಹೋದ ದಿನ ಇರಬೇಕು ಎಂದಿದ್ದೀಯ. "ಜುಲೈ ಒಂದು ಅಂತ ಮಾತ್ರ ಹೇಳ್ಬೇಡ ಅಪ್ಪಾ. ಕೆತ್ತುವವರಿಗೆ 'ಫ್ಯಾನ್ ನಿಲ್ಲಿಸಿದ ದಿನ' ಅಂದೆ. 'ಮೇಡಂ, ಅದು ಯಾವ ತಿಂಗಳಲ್ಲಿ ಬರತ್ತೆ?' ಅಂತ ಕೇಳಿದ್ರು" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ.

ಜುಲೈ ಒಂದು ನಿಮ್ಮಮ್ಮನದಲ್ಲ, ಅವಳ ಹೆಡ್‌ಮಾಸ್ತರದು. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲ ಎಂದ ಮಕ್ಕಳಿಗೆಲ್ಲ ಅವರು ಜುಲೈ ಒಂದು ಎಂದು ಬರೆದು ಮುಗಿಸುತ್ತಿದ್ದರು. ಅವಳ ಕ್ಲಾಸಿನ ಮೂವತ್ತು ಮಕ್ಕಳಲ್ಲಿ ಇಪ್ಪತ್ತಮೂರು ಮಕ್ಕಳು ಒಂದೇ ದಿನ ಹುಟ್ಟಿದವರು. "ಪಾಪ, ಆ ಊರಿನ ಸೂಲಗಿತ್ತಿ ಅವತ್ತು ಊಟ ಮಾಡಿದ್ಲೋ ಇಲ್ವೋ" ಎಂದು ಅವಳು ಅಣಕಿಸುತ್ತಿದ್ದಳು.

ನಿಜವಾದ ದಿನ ಗೊತ್ತಿದ್ದದ್ದು ನಿನ್ನ ಅಜ್ಜಿಗೆ ಮಾತ್ರ. ಮದುವೆಯಾದ ಹೊಸದರಲ್ಲಿ ನಾನು ಪೆನ್ನು ಹಿಡಿದುಕೊಂಡೇ ಕೇಳಿದೆ. "ತಾರೀಕು ಗೀರೀಕು ನಂಗೊತ್ತಿಲ್ಲ ಅಳಿಯಂದಿರೇ. ಆರು ತಿಂಗಳು ಬೀಸಣಿಗೆ ಬೀಸಿ ಬೀಸಿ ಕೈ ಬಿದ್ದುಹೋಗಿತ್ತು. ಇವಳು ಹುಟ್ಟಿದ ಮಧ್ಯಾಹ್ನ ನಮ್ಮತ್ತೆ ಬೀಸಣಿಗೆ ತಗೊಂಡು ಬಂದ್ರು. ಇವತ್ತು ಬೇಡ, ತಣ್ಣಗಿದೆ ಅಂದೆ. ಬೀಸಣಿಗೆ ಕೆಳಗಿಟ್ಟ ದಿನ ಹುಟ್ಟಿದೋಳು" ಎಂದರು. ವರ್ಷ ಗೊತ್ತಿತ್ತು, ಹವೆ ಗೊತ್ತಿತ್ತು, ತಾರೀಕು ಮಾತ್ರ ಇಲ್ಲ. ಹೀಗಾಗಿ ಪ್ರತಿವರ್ಷ ಸೆಕೆ ಮುಗಿದು ಫ್ಯಾನ್ ಬೇಡವೆನಿಸಿದ ಮೊದಲ ದಿನವೇ ಅವಳ ಹುಟ್ಟಿದ ದಿನವಾಯಿತು. ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನಿಗೆ ಎಂಥ ಹೆಂಡತಿ ಸಿಕ್ಕಳು ನೋಡು!

ನಮ್ಮ ಪ್ರೆಸ್ಸಿನ ಬದುಕು ನಿನಗೆ ನೆನಪಿದೆಯಲ್ಲ? ಹೊರಗೆ ಜನ ಜೂನ್ ತಿಂಗಳಲ್ಲಿ ಬೇಯುತ್ತಿದ್ದರೆ ನಾವು ಒಳಗೆ ಕೂತು ಮುಂದಿನ ವರ್ಷದ ಡಿಸೆಂಬರನ್ನು ತಿದ್ದುತ್ತಿದ್ದೆವು. ಒಂದು ಸಲ ರಜೆಯ ಅರ್ಜಿಗೆ ಮುಂದಿನ ವರ್ಷದ ತಾರೀಕು ಹಾಕಿಬಿಟ್ಟೆ. ಮ್ಯಾನೇಜರ್ ಸಹಿ ಹಾಕಿ, "ಸ್ಯಾಂಕ್ಷನ್ಡ್. ಹೋಗ್ಬನ್ನಿ, ಇನ್ನೂ ಹನ್ನೊಂದು ತಿಂಗಳಿದೆ" ಎಂದರು. ಏಪ್ರಿಲ್ ನಾಲ್ಕು, ಜೂನ್ ಆರು, ಆಗಸ್ಟ್ ಎಂಟು, ಅಕ್ಟೋಬರ್ ಹತ್ತು, ಡಿಸೆಂಬರ್ ಹನ್ನೆರಡು: ಇವೈದೂ ಯಾವ ವರ್ಷದಲ್ಲೇ ಆಗಲಿ ಒಂದೇ ವಾರ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ. ಈ ವರ್ಷ ಐದೂ ಶುಕ್ರವಾರ, ಬೇಕಾದರೆ ಗೋಡೆ ನೋಡು. ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಹೆಂಡತಿಯ ಹುಟ್ಟಿದ ದಿನ ವರ್ಷಕ್ಕೊಂದು ಕಡೆ ಜಾರುವುದು ಹೇಗೆ ಸಹಿಸುತ್ತದೆ? ಅದಕ್ಕೆ ನಾನೇ ಒಂದು ರೂಲ್ ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ ಫ್ಯಾನ್ ನಿಲ್ಲಿಸಿ ಐದು ನಿಮಿಷ ಕೂರಬೇಕು. ಮನೆಯಲ್ಲಿ ಒಬ್ಬರ ಹಣೆಯಲ್ಲೂ ಬೆವರು ಕಾಣಬಾರದು. ಕಂಡರೆ ಫ್ಯಾನ್ ಮತ್ತೆ ಹಾಕಬೇಕು, ಹುಟ್ಟಿದ ದಿನ ಮುಂದಕ್ಕೆ. ಪ್ರೆಸ್ಸಿಗೆ ರಜೆಯಿಲ್ಲದ ದಿನ ಅವಳೇ ಪರೀಕ್ಷೆ ಮಾಡಬಹುದು, ಆದರೆ ಸಾಯಂಕಾಲ ನಾನು ಬಂದು ಒಪ್ಪಬೇಕು.

ಅಕ್ಟೋಬರ್ ಬಂತೆಂದರೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆ ತಲೆಯೆತ್ತಿ ನೋಡುತ್ತಿದ್ದೆ. ಫ್ಯಾನ್ ತಿರುಗುತ್ತಿದ್ದರೆ ಒಳಗೆ ಬರುವುದು. ನಿಂತಿದ್ದರೆ ಹಾಗೇ ತಿರುಗಿ ಬೇಕರಿಗೆ ಓಡುವುದು. ಒಂದು ವರ್ಷ ಓಡಿಹೋಗಿ ಕೇಕ್ ತಂದೆ. ನಿಮ್ಮಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಯಾರ ಹುಟ್ಟಿದಹಬ್ಬಾರೀ? ಕರೆಂಟ್ ಹೋಗಿದೆ!" ನೀನು ಅಷ್ಟರಲ್ಲಿ ಕೇಕಿನ ಮೂಲೆಯೊಂದನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಆ ವರ್ಷ ಎರಡು ಕೇಕ್ ಆಯಿತು.

ಈಗ ಪೆಟ್ಟಿಗೆಯ ವಿಷಯ. ಇಪ್ಪತ್ತೆಂಟು ವರ್ಷದ ಹಿಂದಿನ ಕ್ಯಾಲೆಂಡರಿಗೂ ಈ ವರ್ಷದ್ದಕ್ಕೂ ಒಂದೇ ಒಂದು ದಿನದ ವ್ಯತ್ಯಾಸವಿಲ್ಲ. ವಾರ, ತಾರೀಕು ಎಲ್ಲ ಸೇಮ್ ಟು ಸೇಮ್. ಹೊಸದನ್ನು ತೆಗೆದು ಹಳೆಯದನ್ನೇ ಗೋಡೆಗೆ ಹಾಕಿದ್ದೇನೆ. ಇಂದಿನ ಚೌಕದಲ್ಲಿ ನಿಮ್ಮಮ್ಮನ ಅಕ್ಷರ: "ಗುಬ್ಬಿ ಹಲ್ಲು ಬಿತ್ತು, ನುಂಗಿದಳು." ನಿನಗಾಗ ಒಂಬತ್ತು. ದಿನಾ ಬೆಳಿಗ್ಗೆ ಎದ್ದು ಅಂದು ನಮ್ಮ ಮನೆಯಲ್ಲಿ ಏನಾಯಿತೆಂದು ಓದಿ, ಆಮೇಲೆ ಕಾಫಿ ಕಾಯಿಸುತ್ತೇನೆ. ನಿನ್ನೆ ಗ್ಯಾಸ್ ಮುಗಿದಿತ್ತು. ನಾಡಿದ್ದು ನಿನ್ನ ಯೂನಿಫಾರ್ಮಿನ ತುದಿ ಬಿಚ್ಚಿ ಉದ್ದ ಮಾಡಬೇಕಂತೆ.

ಅದೇ ವರ್ಷ ಅಲ್ಲವೇ ನೀನು ಸ್ವೆಟರ್ ಹಾಕಿಕೊಂಡು ಕೂತದ್ದು? ಮುಂದೆ ನೋಡಬಾರದೆಂದಿದ್ದವನು ಅಕ್ಟೋಬರ್ ಹಾಳೆ ತಿರುಗಿಸಿಬಿಟ್ಟೆ. ಹದಿನಾಲ್ಕನೇ ತಾರೀಕು. ಹೊರಗೆ ಡಾಂಬರು ಕರಗುವಂಥ ಬಿಸಿಲು. ನೀನು ಶಾಲೆಯಿಂದ ಬಂದವಳೇ ಕೆಂಪು ಸ್ವೆಟರ್ ಏರಿಸಿ, ಕತ್ತಿಗೆ ಮಫ್ಲರ್ ಸುತ್ತಿ, ಫ್ಯಾನಿನ ಕೆಳಗೆ ನಿಂತು "ಚಳಿ, ಚಳಿ" ಎಂದು ಹಲ್ಲು ಕಡಿಯುತ್ತಿದ್ದೆ. ಮುಖದಿಂದ ಬೆವರು ನೀರಿನ ಹಾಗೆ ಇಳಿಯುತ್ತಿತ್ತು.

"ಏನೇ ಇದು?" ಎಂದೆ.

"ಅಮ್ಮನ ಹ್ಯಾಪಿ ಬರ್ತ್‌ಡೇ ಬಂದಿದೆ ಅಪ್ಪಾ. ನಂಗೆ ತುಂಬಾ ಚಳಿ."

ಹೊಲಿಗೆ ಮೆಷಿನ್ ನಿಲ್ಲಿಸಿ ನಿಮ್ಮಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಹೋಗ್ಲಿ ಬಿಡ್ರೀ, ಇವತ್ತೇ ಮಾಡೋಣ. ಮಗು ಇಷ್ಟು ಕಷ್ಟಪಡ್ತಿದೆ." ನಾನು ಕನ್ನಡಕ ಸರಿಮಾಡಿಕೊಂಡು ನಿನ್ನ ಹಣೆಗೆ ಬೆರಳು ಸವರಿ, ಒದ್ದೆ ಬೆರಳು ತೋರಿಸಿ, "ನಾಟ್ ಅಲೌಡ್" ಎಂದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ, "ನೀವು ಮನೇಲೂ ಪ್ರೂಫೇ ತಿದ್ದಿ" ಎಂದು ಮತ್ತೆ ಮೆಷಿನ್ ತುಳಿದಳು. ಆ ವರ್ಷ ಅವಳ ಹುಟ್ಟಿದ ದಿನ ನವೆಂಬರ್ ಮೂರು, ನೀನು ಹುಟ್ಟಿದ ದಿನವೇ ಬಿತ್ತು. ಒಂದೇ ಕೇಕು ಇಬ್ಬರಿಗೆಂದು ನೀನು ಅತ್ತೆ.

ಪ್ರತಿವರ್ಷದ ಕ್ಯಾಲೆಂಡರಿನ ಹಿಂದೆ ಫ್ಯಾನ್ ನಿಲ್ಲಿಸಿದ ತಾರೀಕನ್ನು ಬರೆದಿಟ್ಟಿದ್ದೇನೆ. ನಲವತ್ತೊಂದು ತಾರೀಕುಗಳಿವೆ. ಎಲ್ಲಕ್ಕಿಂತ ಮುಂಚೆ ಬಂದದ್ದು ಅಕ್ಟೋಬರ್ ಒಂಬತ್ತು, ಎಲ್ಲಕ್ಕಿಂತ ತಡ ನವೆಂಬರ್ ಹದಿನಾರು. ಎರಡು ದಿನ ಕೂತು ಆವರೇಜ್ ತೆಗೆದೆ. ಅಕ್ಟೋಬರ್ ಇಪ್ಪತ್ತೇಳು ಬಂತು. ಇದಕ್ಕಿಂತ ನ್ಯಾಯವಾದ ತಾರೀಕು ಇನ್ನೊಂದಿಲ್ಲ. ಕೆತ್ತುವವರಿಗೆ ಅದನ್ನೇ ಹೇಳು. ಪ್ಲೀಸ್ ಡು ದಿ ನೀಡ್‌ಫುಲ್.

ಇನ್ನೇನು? ತರಕಾರಿಯವಳು ಈಗ ಅಳೆಯುವುದಿಲ್ಲ, "ಒಬ್ರಿಗೆ ತಾನೇ" ಎಂದು ಒಂದು ಹಿಡಿ ಹಾಕಿಬಿಡುತ್ತಾಳೆ. ಅಮ್ಮನ ಮೆಷಿನ್ನಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತಿದ್ದೇನೆ. ನಿನ್ನ ಕೆಲಸದ ಗಡಿಬಿಡಿಯಲ್ಲಿ ಊಟ ತಪ್ಪಿಸಬೇಡ. ನಿನಗೂ ಅಳಿಯಂದಿರಿಗೂ ಪ್ರತಿ ಋತುವೂ ಹಿತವಾಗಿ ಬರಲಿ, ಬಂದದ್ದು ನಿಧಾನವಾಗಿ ಹೋಗಲಿ.

ಇತಿ ನಿನ್ನ,
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಅಕ್ಟೋಬರ್ ಇಪ್ಪತ್ತೇಳು ಬೇಡ.

ಅಮ್ಮ ಹೋದ ಮೇಲೆ ನೀನು ಅಡುಗೆಮನೆಯಲ್ಲಿ ನಿಂತು, "ಕೊನೇಲಿ ಅಮ್ಮ ಏನಾದ್ರೂ ಕೇಳಿದ್ಳಾ ಅಪ್ಪಾ?" ಎಂದಿದ್ದೆ. "ಏನೂ ಕೇಳ್ಲಿಲ್ಲ" ಎಂದು ನಾನು ಹೇಳಿದೆ. ಅದು ಸುಳ್ಳು. ಕೇಳಿದ್ದಳು.

ಹೋದ ವರ್ಷ ಸೆಪ್ಟೆಂಬರ್ ಹತ್ತೊಂಬತ್ತು, ಗುರುವಾರ. ನೀನು ಬರುವುದಕ್ಕೆ ಎರಡು ದಿನ ಮುಂಚೆ. ಮಧ್ಯಾಹ್ನದ ಹೊತ್ತು, ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಅವಳು ಮಂಚದ ಮೇಲೆ ಮಲಗಿ ಮೇಲೆಯೇ ನೋಡುತ್ತಿದ್ದಳು. "ರೀ, ಫ್ಯಾನ್ ನಿಲ್ಲಿಸಿ" ಎಂದಳು.

ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ. "ಚಳಿ ಆಗ್ತಿದೆಯಾ?"

"ಇಲ್ಲ. ಸುಮ್ನೆ ನಿಲ್ಲಿಸಿ."

"ಈ ಸೆಕೇಲಾ? ಬೆಂದುಹೋಗ್ತೀವಿ ಕಣೇ."

"ಐದು ನಿಮಿಷ ಸಾಕು."

ನನಗೆ ಆಗಲೂ ತಮಾಷೆಯೇ ತೋಚಿತು. ಅವಳ ಕತ್ತಿನ ಬೆವರನ್ನು ಟವೆಲ್ಲಿನಿಂದ ಒರೆಸಿ, ಒದ್ದೆಯಾದ ಕಡೆ ತೋರಿಸಿ, "ನಾಟ್ ಅಲೌಡ್" ಎಂದೆ. "ಇನ್ನೂ ಒಂದು ತಿಂಗಳಾದ್ರೂ ಬೇಕು. ಅಲ್ಲೀವರೆಗೂ ಸುಮ್ನಿರು."

ಅವಳು ನಕ್ಕಳು ಕಣೇ. ನಕ್ಕು, "ಸರಿ ಬಿಡಿ. ನಿಮ್ಮ ರೂಲು ನಿಮಗೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಕೇಳಲಿಲ್ಲ. ಸರಿಯಾಗಿ ಎರಡು ವಾರಕ್ಕೆ, ಇನ್ನೊಂದು ಗುರುವಾರ, ಹೋದಳು.

ಒಂದು ತಿಂಗಳು ತನ್ನ ಹತ್ತಿರ ಇಲ್ಲವೆಂದು ಅವಳಿಗೆ ಗೊತ್ತಿತ್ತು. ನನಗೆ ಅದು ಹೊಳೆದದ್ದು ನವೆಂಬರ್ ಆರರಂದು. ತಣ್ಣಗಿದೆಯೆನಿಸಿ ಎದ್ದು ಸ್ವಿಚ್ಚಿನ ಮೇಲೆ ಕೈಯಿಟ್ಟೆ, ಹಾಗೇ ನಿಂತುಬಿಟ್ಟೆ. ಅಷ್ಟು ವರ್ಷ ಪ್ರತಿಸಲವೂ ಕಾದವಳು ಒಂದೇ ಒಂದು ಸಲ ತನ್ನ ಹುಟ್ಟಿದ ದಿನವನ್ನು ಮುಂಚೆ ಕೇಳಿದ್ದಳು. ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್... ಇದರ ಮುಂದಿನದು ನನಗೆ ಚೆನ್ನಾಗಿ ನೆನಪಿದೆ, ಬರೆಯಲು ಮಾತ್ರ ಆಗುತ್ತಿಲ್ಲ.

ಗುಬ್ಬಿ, ಈ ಕಾಗದ ತಲುಪಿದ ಕೂಡಲೇ ಫೋನ್ ಮಾಡಿ ನನ್ನನ್ನು ಬೈದುಬಿಡು. ಅಮ್ಮನ ಪರವಾಗಿ ಬೈಯಲು ಈಗ ನೀನೊಬ್ಬಳೇ ಇರುವುದು. ಬೈದು ಮುಗಿದ ಮೇಲೆ ಕೆತ್ತುವವರಿಗೆ ಹೇಳು: ಸೆಪ್ಟೆಂಬರ್ ಹತ್ತೊಂಬತ್ತು. ಯಾರಾದರೂ ಅದು ಸರಿಯಾದ ತಾರೀಕೇ ಎಂದು ಕೇಳಿದರೆ, ಅಪ್ಪ ಒಪ್ಪಿದ್ದಾರೆ ಎನ್ನು.