ಬೆನ್ನು ತಿರುಗಿಸಿ ನಿಂತ ಸಿಂಹಾಸನ

ಬುಧವಾರ, ಬೆಳಗಿನ ಚಹಾ ಆರುವ ಮೊದಲು

ಮಾತು ಬಿಟ್ಟು ಕೂತಿರುವ ನನ್ನ ಬಡಗಿಯವರಿಗೆ,

ಪರದೆ ಏಳುವ ಮೊದಲೇ ಹೇಳಿಬಿಡುತ್ತೇನೆ, ಇದು ಕುಶಲ ವಿಚಾರಿಸುವ ಪತ್ರವಲ್ಲ. ನಿಮ್ಮ ಸಿಂಹಾಸನ ಇನ್ನಿಲ್ಲ. ನಾನೇ ಕೊಯ್ದು ಹಾಕಿದೆ. ಭಾನುವಾರ ಮಾವನವರು ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಅದನ್ನೇ. ಅದನ್ನು ಮತ್ತೆ ಕಟ್ಟಬಲ್ಲ ಕೈಗಳು ಭೂಮಂಡಲದಲ್ಲಿ ಎರಡೇ ಎರಡು, ಆ ಎರಡೂ ನಿಮ್ಮ ತೋಳಿನ ತುದಿಯಲ್ಲಿವೆ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಅದಕ್ಕೇ ಬಸ್ಸಿನ ಕಂಡಕ್ಟರಣ್ಣನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ.

ನಾಟಕದವಳು ಶುರು ಮಾಡಿದಳು ಎಂದು ನೀವು ಹಣೆ ಚಚ್ಚಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಏನು ಮಾಡಲಿ? ಪರದೆಯ ಮರೆಯಲ್ಲಿ ಕೂತು ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದ ಪ್ರಾಂಪ್ಟರನ ಮಗಳು ನಾನು. ಬಣ್ಣದ ಪೆಟ್ಟಿಗೆಯೇ ನನ್ನ ತೊಟ್ಟಿಲು. "ಉಪ್ಪು ಕೊಡಿ ಅನ್ನೋದನ್ನೂ ಕೊನೇ ಸಾಲಿಗೆ ಕೇಳೋ ಹಾಗೆ ಹೇಳ್ತೀಯಲ್ಲೇ" ಎಂದು ನೀವೇ ಗೇಲಿ ಮಾಡುತ್ತಿದ್ದಿರಿ. ಇವತ್ತು ತಗ್ಗಿದ ದನಿಯಲ್ಲಿ ಬರೆಯಲು ನೋಡುತ್ತೇನೆ.

ನೀವು ಆ ಫರ್ನಿಚರ್ ಕಾರ್ಖಾನೆ ಸೇರಿದ ಮೇಲೆ ಮಾವನವರ ನಾಟಕ ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಕೋಟೆ, ಕಾರಾಗೃಹ, ಕಾಡು ಎಲ್ಲವೂ ಬಂದು ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಬಿದ್ದವು. ಮಾವನವರು ಅಡುಗೆಮನೆಯಿಂದ ಶೆಡ್ಡಿಗೂ ಶೆಡ್ಡಿನಿಂದ ಅಡುಗೆಮನೆಗೂ ಸಂಚರಿಸುವ ಚಕ್ರವರ್ತಿಯಾದರು. ನಾನು ನಿಮ್ಮ ಹಳೆಯ ಗರಗಸ ಹಿಡಿದೆ. ಮೊದಲನೆಯ ಚಳಿಗಾಲದಲ್ಲಿ, ನೀವಿಲ್ಲದ ಬಾಗಿಲನ್ನು ನೋಡಲಾಗದೆ, ಕಾಡಿನ ಪರದೆಯ ಚೌಕಟ್ಟು ಕೊಯ್ದು ಒಂದು ನಕ್ಷತ್ರ ಮಾಡಿ ತೂಗುಹಾಕಿದೆ. ಎದುರುಮನೆಯ ದರ್ಜಿಯಮ್ಮ ನೋಡಿ "ನಮ್ ಬಾಗಿಲೇನು ಪಾಪ ಮಾಡಿದೆ? ನನಗೂ ಒಂದು ಮಾಡ್ಕೊಡೇ" ಎಂದರು. ಅಲ್ಲಿಂದ ಬೀದಿಗೆಲ್ಲ ಆ ಗೀಳು ಹಿಡಿಯಿತು. ಈಗ ಚಳಿ ಬಿದ್ದರೆ ಪ್ರತಿ ಬಾಗಿಲಿಗೂ ಹೊಟ್ಟೆ ಊದಿದ ಹಕ್ಕಿ, ಗಿಡ ಚಿಗುರುವಾಗ ಎಲೆಗಳ ಸರ, ಬೇಸಿಗೆಗೆ ಮೀನು, ಎಲೆ ಉದುರುವಾಗ ಅಳಿಲು. ಎಲ್ಲವೂ ಎಸೆದ ಮರದ್ದು. ಅಂಗಡಿಯ ಖಾಲಿ ಪೆಟ್ಟಿಗೆ, ಯಾರದೋ ಮುರಿದ ಮಂಚದ ಕಾಲು, ನೀವು ಕಟ್ಟಿದ ಕೋಟೆಯ ಗೋಡೆ. ಹೊಸ ಹಲಗೆ ನಾನು ಮುಟ್ಟುವುದಿಲ್ಲ. ಹಳೆಯ ಮರದಲ್ಲಿ ಮೊಳೆ ಕಿತ್ತ ತೂತೇ ಹಕ್ಕಿಗೆ ಕಣ್ಣಾಗುತ್ತದೆ. ಹೊಸ ಹಲಗೆ ಆ ಕಣ್ಣನ್ನು ಎಲ್ಲಿಂದ ತಂದೀತು?

ಈ ಸಲ ಚಳಿ ಬೇಗ ಬಂತು, ಹಕ್ಕಿಗಳಿಗೆ ಮರ ಸಾಲಲಿಲ್ಲ. ಸೋಮವಾರ ಶೆಡ್ಡಿಗೆ ಹೋದೆ. ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು, ಎತ್ತರದ ಪೆಟ್ಟಿಗೆಯಂಥದ್ದೊಂದು ನಿಂತಿತ್ತು. ಒರಟು ಹಲಗೆ, ಅದರ ಮೇಲೆ ಕಪ್ಪು ಮಸಿಯ ಬಾಣ, "ಈ ಬದಿ ಮೇಲೆ" ಎಂಬ ಅಚ್ಚು. ರಂಗದ ಸಾಮಾನಿಗೆ ಮುಖ ಮಾತ್ರ ಇರುತ್ತದೆ ಎನ್ನುವುದನ್ನು ನಿಮಗೆ ನಾನು ಹೇಳಿಕೊಡಬೇಕೇ? ಮುಂದಿನಿಂದ ನೋಡಿದರೆ ಸಿಂಹದ ತಲೆ, ಮುತ್ತಿನ ಸಾಲು, ಚಿನ್ನದ ಬಣ್ಣ. ಹಿಂದಿನಿಂದ ನೋಡಿದರೆ ಸಾಬೂನಿನ ಪೆಟ್ಟಿಗೆ. ಸಿಂಹಾಸನವನ್ನು ಗುಜರಿ ಎಂದುಕೊಂಡು ಕೊಯ್ಯುವ ತಪ್ಪು ಬೇರೆ ಯಾರ ಮನೆಯಲ್ಲೂ ಆಗಲಾರದು, ನಮ್ಮ ಮನೆಯಲ್ಲಿ ಮಾತ್ರ ಆದೀತು. ಗರಗಸ ಇಟ್ಟೆ. ಅರ್ಧ ಇಳಿದ ಮೇಲೆ ತಿರುಗಿಸಿ ನೋಡಿದರೆ ಸಿಂಹ ನನ್ನನ್ನೇ ದಿಟ್ಟಿಸುತ್ತಿತ್ತು. ಆಗಲೇ ಬೆನ್ನು ಎರಡಾಗಿತ್ತು. ಇನ್ನು ಉಳಿಸಿ ಏನು ಮಾಡಲಿ ಎಂದು ಉಳಿದದ್ದನ್ನೂ ಕೊಯ್ದೆ.

"ಕೈಗೆ ಭಾರ ತಿಳೀಲಿಲ್ವಾ? ಮುಂದಿನ ಸಿಂಹ ಬೆರಳಿಗೆ ತಾಗಲಿಲ್ವಾ?" ಎಂದು ನೀವು ಕೇಳುತ್ತೀರಿ. ಶೆಡ್ಡಿನಲ್ಲಿ ಬೆಳಕು ಕಡಿಮೆ, ನನ್ನ ಕನ್ನಡಕ ಅಡುಗೆಮನೆಯಲ್ಲಿತ್ತು. ಇದಕ್ಕಿಂತ ಒಳ್ಳೆಯ ಉತ್ತರ ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಆದರೆ ಕೊಯ್ಯುವಾಗ ಕಂಡದ್ದನ್ನು ಹೇಳಲೇಬೇಕು. ಅದರ ಒಂದು ಕೀಲೂ ಅಲ್ಲಾಡಿರಲಿಲ್ಲ. ಬೆಣೆ ತಟ್ಟಿ ತೆಗೆಯೋಣವೆಂದರೆ ಬರಲಿಲ್ಲ. ಕಚ್ಚಿ ಹಿಡಿದ ಹಲ್ಲಿನ ಹಾಗೆ ಕೂತಿದ್ದವು.

ಹಾಗಾದರೆ ಅವತ್ತು ಕಿರುಗುಟ್ಟಿದ್ದು ಏನು? ಕಂಪನಿಯ ಆ ಪ್ರದರ್ಶನವನ್ನು ನೀವು ಮರೆತಿರಲಾರಿರಿ. ರಾಜ ಸಾಯುವ ದೃಶ್ಯ. ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿದೆ. ಮಾವನವರು ಸಿಂಹಾಸನದಲ್ಲಿ ಕುಸಿಯುತ್ತಾರೆ, ಕಿರ್ ಎಂದಿತು. ಕಾಲು ಸರಿಸಿ ಇನ್ನೊಮ್ಮೆ ಕುಸಿದರು, ಮತ್ತೆ ಕಿರ್. ಹಿಂದಿನ ಸಾಲಿನಿಂದ ಯಾರೋ "ರಾಜನಿಗೆ ಸ್ವಲ್ಪ ಎಣ್ಣೆ ಬಿಡ್ರಪ್ಪಾ" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಸತ್ತ ರಾಜ ಎದ್ದು ನಿಂತು, ಪಕ್ಕದ ಪರದೆಯ ಮರೆಯಲ್ಲಿದ್ದ ನಿಮ್ಮ ಕಡೆ ಬೆರಳು ಮಾಡಿ, "ಇದನ್ನ ಮಾಡಿದ ಬಡಗಿಗೆ ಕೋಳಿಗೂಡು ಮಾಡೋಕೂ ಬರಲ್ಲ. ಹೊಟ್ಟೇಲಿ ಹುಟ್ಟಿದ್ದಾನೆ ಅಂತ ಇಟ್ಕೊಂಡಿದೀನಿ" ಎಂದುಬಿಟ್ಟರು. ಮರುದಿನ ಉಳಿಗಳ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು "ಬರ್ತೀಯಾ?" ಎಂದಿರಿ. ನಾನು ಬಣ್ಣದ ಡಬ್ಬಿ ಹಿಡಿದು ನಿಂತಿದ್ದೆ. "ಅವರಿಗೆ ಊಟಕ್ಕೆ ಯಾರು ಹಾಕ್ತಾರೆ?" ಎಂದೆ. "ಹಾಗಾದ್ರೆ ಅವರ ಜೊತೇನೇ ಇರು" ಎಂದಿರಿ. ಇದ್ದೆ. ಇದು ನಾಲ್ಕನೆಯ ಚಳಿಗಾಲ.

ನಿಮ್ಮನ್ನು ಓಡಿಸಿದ ಅದೇ ಸಿಂಹಾಸನದ ಮೇಲೆ ಅವರು ದಿನಾ ಸಂಜೆ ಹೋಗಿ ಕೂರುತ್ತಿದ್ದರು. ಅದರ ಬಲಗಡೆಯ ತೋಳನ್ನು ಅಂಗೈಯಲ್ಲಿ ಉಜ್ಜುತ್ತಾ ಕೂರುತ್ತಿದ್ದರು. ಆಗಲೂ ಕಿರ್ ಎನ್ನುತ್ತಿತ್ತು. "ಕೇಳಿದ್ಯಾ, ನಿನ್ ಗಂಡನ ಸಂಗೀತ" ಎನ್ನುತ್ತಿದ್ದರು.

ಕಳೆದ ತಿಂಗಳು ಬಚ್ಚಲಿನಲ್ಲಿ ಜಾರಿ ಬಿದ್ದು ಅವರ ಬಲಗಾಲು ಮುರಿಯಿತು. ಮೂಳೆ ಡಾಕ್ಟರು ಬಂದು, ಪೆಟ್ಟಾಗದ ಕಾಲನ್ನೂ ನೋಡಿಬಿಡೋಣವೆಂದು ಎಡಗಾಲನ್ನು ಮೆಲ್ಲಗೆ ಎತ್ತಿ ಮಡಿಸಿದರು. ಕಿರ್. ಅದೇ ಶ್ರುತಿ, ಅದೇ ತಾಳ. ವಾರ್ಡಿನಲ್ಲಿ ಸಿಂಹಾಸನವಿರಲಿಲ್ಲ, ಇದ್ದದ್ದು ಕಬ್ಬಿಣದ ಮಂಚ. "ಮಂಡಿ ಸವೆದು ಎಷ್ಟೋ ವರ್ಷ ಆಗಿದೆಯಲ್ಲ ಯಜಮಾನ್ರೇ, ಈ ಸದ್ದು ನಿಮಗೆ ಕೇಳ್ತಿರಲಿಲ್ವಾ?" ಎಂದರು ಡಾಕ್ಟರು. ಮಾವನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೊದಲು ನಕ್ಕವರು ಅವರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದವರು ಊಟ ಮುಟ್ಟಲಿಲ್ಲ.

"ನಿಮ್ಮ ಮಗನಿಗೆ ಬರೆಯಲಾ ಮಾವ?" ಎಂದು ಕೇಳಿದೆ. "ರಾಜ ಕ್ಷಮೆ ಕೇಳೋ ನಾಟಕ ನಮ್ಮ ಕಂಪನಿ ಯಾವತ್ತೂ ಆಡಿಲ್ಲಮ್ಮ" ಎಂದರು.

ನಿನ್ನೆ ಹೊಸ ಹಕ್ಕಿಯೊಂದನ್ನು ತೆಗೆದುಕೊಂಡು ಹೋಗಿದ್ದೆ. ನರ್ಸಮ್ಮ ಅದನ್ನು ಮಂಚದ ಕಂಬಿಗೆ ಕಟ್ಟಿದರು. ಪ್ರತಿ ಸಲವೂ "ಇದು ಯಾವ ದೃಶ್ಯದ ಮರ?" ಎಂದು ಕೇಳುವ ಮನುಷ್ಯ ಈ ಸಲ ಕೇಳಲಿಲ್ಲ. ಹಕ್ಕಿಯ ಹೊಟ್ಟೆ ಸವರುತ್ತಾ ಮಲಗಿದ್ದರು. ಬಚಾವಾದೆ ಎಂದುಕೊಂಡು ಹೊರಗೆ ಬಂದೆ. ಅಲ್ಲಿ ಡಾಕ್ಟರು ನಿಂತಿದ್ದರು. ಕಾಲಿನದು ದೊಡ್ಡ ಮಾತಲ್ಲವಂತೆ, ಎದೆಯಲ್ಲಿ ನೀರು ತುಂಬುತ್ತಿದೆಯಂತೆ. "ಮನೆಗೆ ಕರ್ಕೊಂಡು ಹೋಗಿ, ಅವರಿಗೆ ಇಷ್ಟವಾದದ್ದು ಮಾಡಿಕೊಡಿ" ಎಂದರು. ಇಷ್ಟೊಂದು ಕೊನೆಯ ಅಂಕಗಳನ್ನು ನೋಡಿದವಳಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನಿಮಗೂ ಬೇಕಿಲ್ಲ.

ನನಗೂ ನಿಮ್ಮ ಮೇಲೆ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ. "ಬರ್ತೀಯಾ" ಎಂದು ಒಂದೇ ಸಲ ಕೇಳಿದಿರಿ. ಮಾತು ಮರೆತು ನಿಂತವರಿಗೆ ಎರಡನೆಯ ಸಲ ಎತ್ತಿಕೊಡಬೇಕು. ನಮ್ಮಪ್ಪ ಜೀವನವಿಡೀ ಮಾಡಿದ್ದು ಅದೊಂದೇ ಕೆಲಸ. ಈಗ ನಿಮಗೆ ನಾನು ಎತ್ತಿಕೊಡುತ್ತಿದ್ದೇನೆ, ಕೇಳಿಸಿಕೊಳ್ಳಿ. ಶನಿವಾರದೊಳಗೆ ಬನ್ನಿ. ಉಳಿಗಳ ಚೀಲ ತನ್ನಿ. ಮರ ಇಲ್ಲವೆಂದು ನೆವ ಹೇಳಬೇಡಿ, ಬೀದಿಯ ಪ್ರತಿ ಬಾಗಿಲಿನಿಂದ ಹಕ್ಕಿ ಬಿಚ್ಚಿ ತಂದು ಕೊಡುತ್ತೇನೆ. ದರ್ಜಿಯಮ್ಮ ಆಗಲೇ ತಮ್ಮದನ್ನು ಬಿಚ್ಚಿಟ್ಟಿದ್ದಾರೆ.

ಗುಜರಿಯ ಮಹಾರಾಣಿ,
ಪ್ರಾಂಪ್ಟರನ ಮಗಳು,
ಇಷ್ಟರ ಮೇಲೂ ನಿಮ್ಮವಳು

ತಾ.ಕ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಕನ್ನಡಕ ಅಡುಗೆಮನೆಯಲ್ಲಿರಲಿಲ್ಲ, ನನ್ನ ಮೂಗಿನ ಮೇಲೇ ಇತ್ತು. ಹೋದ ಭಾನುವಾರ ಆಸ್ಪತ್ರೆಯಲ್ಲಿ ಮಾವನವರು ನನ್ನ ಮಣಿಕಟ್ಟು ಹಿಡಿದು ಹೇಳಿದರು, "ನನ್ನ ನೋಡೋಕೆ ಅವನು ಬರಲ್ಲ. ಅವನ ಕೈಕೆಲಸ ಹಾಳಾಯ್ತು ಅಂದ್ರೆ ಎದ್ದುಬಿದ್ದು ಬರ್ತಾನೆ. ಆ ಸಿಂಹಾಸನ ಕೊಯ್ದು ಹಾಕು ತಾಯಿ. ಗೋಡೆ ಕಡೆ ತಿರುಗಿಸ್ಕೊಂಡು ಕೊಯ್ಯಿ, ಮುಖ ನೋಡಿದ್ರೆ ನಿನ್ ಕೈ ಓಡಲ್ಲ." ಒಂದು ಕಡೆ ಮಾತ್ರ ಓಡಲಿಲ್ಲ ನಿಜ. ಅವರ ಅಂಗೈ ಉಜ್ಜಿ ಚಿನ್ನ ಹೋದ ಸಿಂಹಾಸನದ ಆ ಬಲದೋಳನ್ನು ಕೊಯ್ಯದೆ ಬಾಗಿಲ ಹಿಂದೆ ಇಟ್ಟಿದ್ದೇನೆ, ನಿಮಗೆ ಅಳತೆಗೆ ಬೇಕಾದೀತು. ನಾನು ಹೇಳಿದೆನೆಂದು ಮಾತ್ರ ಬಾಯಿ ಬಿಡಬೇಡಿ. ನೀವು ಬಂದಾಗ ನಿಮ್ಮೆದುರು ನನ್ನನ್ನು ಬೈಯುವ ದೃಶ್ಯವನ್ನು ಅವರು ಮಲಗಿದಲ್ಲೇ ತಾಲೀಮು ಮಾಡುತ್ತಿದ್ದಾರೆ. ನಾನು ಅಳುವುದೂ ನಿಗದಿಯಾಗಿದೆ. ಬೈಗುಳದ ಕೊನೆಯಲ್ಲಿ "ಎಂಥಾ ಕೆಲಸಗಾರನ ಕೆಲಸ ಅದು" ಎಂಬ ಒಂದು ಮಾತು ಬರುತ್ತದೆ. ಅದು ನಿಮಗೆ. ಅವರ ದನಿ ಈಗ ಮೊದಲನೆಯ ಸಾಲಿಗೂ ಮುಟ್ಟುವುದಿಲ್ಲ. ಮಂಚಕ್ಕೆ ತಾಗಿ ನಿಂತುಕೊಳ್ಳಿ.